ಸಂಗೀತ, ಬೆಳಕು, ವಿನ್ಯಾಸ ಒಂದೇ ಕೋಣೆಯಲ್ಲಿ: ಬೆಳಕು ಪ್ರತಿ ಸ್ವರದ ಹಿಂದೆಯೂ ಓಡಬೇಕಾ?

ತಂತಿನಾದ

ಎಲ್ಲರಿಗೂ ನಮಸ್ಕಾರ. ನಮ್ಮದು ತಂತಿವಾದ್ಯಗಳ ಚಿಕ್ಕ ತಂಡ. ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ನೆಲಕ್ಕೆ ಊರಿ ನುಡಿಸುವ ದಪ್ಪ ದನಿಯ ಒಂದು ಚೆಲ್ಲೋ. ಹೊಸದಾಗಿ ಬರೆದ 40 ನಿಮಿಷದ ಕೃತಿಯೊಂದನ್ನು ವೇದಿಕೆಯೇ ಇಲ್ಲದ ದೊಡ್ಡ ಕೋಣೆಯಲ್ಲಿ ನುಡಿಸಬೇಕು ಅಂತಿದ್ದೇವೆ. ಮೇಲಿನಿಂದ ತೆಳು ಬಟ್ಟೆಯ ಪರದೆಗಳು ಇಳಿಬಿದ್ದಿರುತ್ತವೆ. ನಾವು ನಾಲ್ವರೂ ಬೇರೆ ಬೇರೆ ಕಡೆ ಕೂತಿರುತ್ತೇವೆ. ಕೇಳುಗರು ಕೂರಬಹುದು, ಮಲಗಬಹುದು, ಓಡಾಡಬಹುದು. ಬೆಳಕೂ ಸಂಗೀತದ ಜತೆ ಬದಲಾಗುತ್ತಾ ಹೋಗುತ್ತದೆ.

ತಕರಾರು ಬಂದಿರುವುದು ಬೆಳಕಿನ ವಿಷಯದಲ್ಲೇ. ನಮ್ಮ ಲೈಟಿಂಗ್ ವಿನ್ಯಾಸಕರು ಮೈಕ್‌ಗೆ ಬಂದ ಧ್ವನಿಯನ್ನು ಅಳೆದು ತಾನಾಗಿಯೇ ದೀಪ ಕುಣಿಸುವ ಸಾಫ್ಟ್‌ವೇರ್ ಹಾಕೋಣ ಅನ್ನುತ್ತಾರೆ. ಹಚ್ಚಿಯೂ ನೋಡಿದೆವು. ಜೋರಾಗಿ ನುಡಿಸಿದರೆ ಬೆಳಕು ಜಾಸ್ತಿ, ಮೆಲ್ಲಗೆ ನುಡಿಸಿದರೆ ಕಮ್ಮಿ. ಮೊದಲು ಖುಷಿಯಾಯಿತು. ಆಮೇಲೆ ಯಾಕೋ ಸಂಗೀತ ಕೇಳುವುದನ್ನೇ ಬಿಟ್ಟು ಎಲ್ಲರೂ ದೀಪ ನೋಡುತ್ತಾ ಕೂತೆವು. ಇಂಥ ಕೆಲಸ ಮಾಡಿದವರು, ನೋಡಿದವರು ಯಾರಾದರೂ ಇದ್ದರೆ ಹೇಳಿ.

ದೀಪದಕೆಲಸ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಾನು ಲೈಟಿಂಗ್ ಮಾಡುವವನು, ಆದರೂ ಹೇಳುತ್ತೇನೆ. ಧ್ವನಿಗೆ ತಾನಾಗಿ ಕುಣಿಯುವ ಬೆಳಕಿನ ಗುಟ್ಟು ನೋಡುವವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಆಮೇಲೆ ಅದರಲ್ಲಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಗಾಯಕರ ಪಕ್ಕ ನಿಂತು ಪ್ರತಿ ಸಾಲಿಗೂ ಕೈ ಆಡಿಸುವವನ ಹಾಗೆ ಆಗುತ್ತದೆ.

ಇನ್ನೊಂದು ವಿಷಯ. ಈ ಕಾಲದ ಕೃತಿಗಳಲ್ಲಿ ಜೋರು, ಮೆಲ್ಲಗೆ ಅನ್ನುವುದೇ ಮುಖ್ಯ ಅಲ್ಲ. ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು, ಕಮಾನನ್ನು ನಿಧಾನಕ್ಕೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹತ್ತಿರ ತರುತ್ತೀರಿ ಅಂದುಕೊಳ್ಳಿ. ಧ್ವನಿಯ ಮಟ್ಟ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ನಾದ ಮಾತ್ರ ಪೂರ್ತಿ ಬೇರೆಯಾಗುತ್ತದೆ, ಗಾಜು ಉಜ್ಜಿದಂಥ ಸದ್ದು ಬರುತ್ತದೆ. ಕೇಳುವವರಿಗೆ ಅದೇ ದೊಡ್ಡ ಘಟನೆ. ಬರೀ ಮಟ್ಟ ಅಳೆಯುವ ಸಾಫ್ಟ್‌ವೇರ್‌ಗೆ ಅಲ್ಲಿ ಏನೂ ನಡೆದೇ ಇಲ್ಲ. ನಾದದ ಬಣ್ಣ ಅಳೆಯುವ ಸಾಫ್ಟ್‌ವೇರೂ ಇದೆ, ಸರಿ. ಆದರೆ ಯಾವ ಬದಲಾವಣೆ ಮುಖ್ಯ, ಯಾವುದು ಅಲ್ಲ ಅಂತ ಅದಕ್ಕೆ ಯಾರು ಹೇಳಬೇಕು? ಸ್ವರಲಿಪಿ ಓದಬಲ್ಲ ಒಬ್ಬರು ದೀಪ ನಿಯಂತ್ರಿಸುವ ಮೇಜಿನ ಮುಂದೆ ಕೂತು, ಕೈಯಾರೆ ಕ್ಯೂ (ಬೆಳಕು ಈಗ ಬದಲಾಗಲಿ ಅನ್ನುವ ಸೂಚನೆ) ಕೊಡಲಿ.

ಹಳೆಪುಟ

ಈ ಜಗಳ ಮುನ್ನೂರು ವರ್ಷದ್ದು! ನ್ಯೂಟನ್ 1704ರ ತನ್ನ ಪುಸ್ತಕದಲ್ಲಿ ಏಳು ಬಣ್ಣಗಳನ್ನು ಸಪ್ತಕದ ಏಳು ಮೆಟ್ಟಿಲಿಗೆ ಹೊಂದಿಸಿದ. ಅದಾದ ಮೇಲೆ ಫ್ರಾನ್ಸಿನ ಲೂಯಿ ಬರ್ತ್ರಾಂ ಕಾಸ್ತೆಲ್ ಅನ್ನುವ ಪಾದ್ರಿ ಕೀಲಿ ಒತ್ತಿದರೆ ಬಣ್ಣ ಕಾಣಿಸುವ ವಾದ್ಯದ ಕನಸು ಕಂಡ. 1890ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ರಿಮಿಂಗ್ಟನ್ ವಿದ್ಯುತ್ ದೀಪದ 'ಕಲರ್ ಆರ್ಗನ್' ಮಾಡಿದ. ಇವರೆಲ್ಲರ ತಲೆಯಲ್ಲೂ ಇದ್ದದ್ದು ಒಂದೇ ಲೆಕ್ಕ: ಒಂದು ಸ್ವರಕ್ಕೆ ಒಂದು ಬಣ್ಣ.

ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದವನು ರಷ್ಯಾದ ಸಂಗೀತ ರಚನಕಾರ ಸ್ಕ್ರಿಯಾಬಿನ್. 1910ರಲ್ಲಿ ಮುಗಿಸಿದ 'ಪ್ರೊಮಿಥಿಯಸ್' ಕೃತಿಯ ಸ್ವರಲಿಪಿಯಲ್ಲಿ ಎಲ್ಲ ವಾದ್ಯಗಳಿಗಿಂತ ಮೇಲಿನ ಸಾಲು ಬೆಳಕಿನದು. ಹೆಸರು 'ಲೂಚೆ'. ಅದರಲ್ಲಿ ಸಾಮಾನ್ಯವಾಗಿ ಎರಡು ಸ್ವರದ ಸಾಲುಗಳು ಜತೆಯಾಗಿ ಇರುತ್ತವೆ. ಒಂದು, ವಾದ್ಯಮೇಳದ ಸ್ವರಮೇಳನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾದಾಗೆಲ್ಲ ಬದಲಾಗುತ್ತದೆ. ಇನ್ನೊಂದು, ಇಡೀ ಕೃತಿಯಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಸರಿಯುತ್ತದೆ. ಸಂಗೀತ ಎಷ್ಟೇ ಕುದಿಯಲಿ, ಆ ಬಣ್ಣ ತನ್ನ ಪಾಡಿಗೆ ನಿಮಿಷಗಟ್ಟಲೆ ನಿಂತಿರುತ್ತದೆ. ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಅತಿ ಒಳ್ಳೆ ಉತ್ತರ ಆ ಎರಡನೇ ಸಾಲು.

ದುರಂತ ಅಂದರೆ, 1911ರಲ್ಲಿ ಮಾಸ್ಕೋದಲ್ಲಿ ನಡೆದ ಮೊದಲ ಪ್ರದರ್ಶನದಲ್ಲಿ ಬೆಳಕೇ ಇರಲಿಲ್ಲ. 1915ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಹಾಲ್‌ನಲ್ಲಿ ಬೆಳಕಿನ ಜತೆ ನುಡಿಸಿದರು. ಆದರೆ ಬಣ್ಣ ಬಿದ್ದದ್ದು ವೇದಿಕೆಯ ಮೇಲಿದ್ದ ಒಂದು ಪರದೆಯ ಮೇಲೆ. ಅವನಿಗೆ ಬೇಕಾಗಿದ್ದದ್ದು ಕೋಣೆಯ ಗಾಳಿಯನ್ನೇ ತುಂಬುವ ಬೆಳಕು.

ಮೂರನೇಸಾಲು

ಒಂದು ಸಣ್ಣ ಪ್ರಶ್ನೆ. ಸ್ವರಕ್ಕೂ ಬಣ್ಣಕ್ಕೂ ಹುಟ್ಟಿನಿಂದಲೇ ನಂಟು ಇದೆ ಅಂತಾರಲ್ಲ? ಕೆಲವರಿಗೆ ಸ್ವರ ಕೇಳಿದರೆ ಬಣ್ಣ ಕಾಣುತ್ತದಂತೆ. ಅದನ್ನೇ ಬಳಸಬಹುದಲ್ವಾ?

ಹಳೆಪುಟ

ಕಾಣುತ್ತದೆ, ನಿಜ. ಅದಕ್ಕೆ ಸಿನೆಸ್ತೇಸಿಯಾ ಅಂತಾರೆ. ಫ್ರಾನ್ಸಿನ ರಚನಕಾರ ಮೆಸ್ಸಿಯಾನ್ ತನ್ನ ಸ್ವರಮೇಳನಗಳ ಬಣ್ಣವನ್ನು ಸ್ವರಲಿಪಿಯಲ್ಲೇ ಬರೆದಿಟ್ಟದ್ದೂ ಉಂಟು. ತೊಂದರೆ ಏನೆಂದರೆ ಒಬ್ಬರ ಬಣ್ಣ ಇನ್ನೊಬ್ಬರದ್ದಲ್ಲ. ಸ್ಕ್ರಿಯಾಬಿನ್‌ಗೆ 'ಸಿ' ಅನ್ನುವ ಶ್ರುತಿ ಕೆಂಪು. ಅವನ ಕಾಲದವನೇ ಆದ ರಚನಕಾರ ರಿಮ್‌ಸ್ಕಿ-ಕೊರ್ಸಕೋವ್‌ಗೆ ಅದು ಬಿಳಿ. 'ಡಿ' ಹಳದಿ ಅನ್ನುವುದರಲ್ಲಿ ಇಬ್ಬರೂ ಒಂದಾದರು, ಪುಣ್ಯಕ್ಕೆ.

ಜನಸಾಮಾನ್ಯರಲ್ಲಿ ಕಾಣುವ ನಂಟು ಬೇರೆ ಥರದ್ದು. ಮೇಲಿನ ಸ್ಥಾಯಿಯ ಸ್ವರ ಅಂದರೆ ಹೆಚ್ಚಿನವರಿಗೆ ಚಿಕ್ಕದು, ಬೆಳ್ಳಗಿನದು, ಮೇಲಿರುವುದು. ಕೆಳಗಿನದು ಅಂದರೆ ದೊಡ್ಡದು, ಕತ್ತಲೆಯದು. ಇದು ತುಂಬ ಜನರ ಮೇಲೆ ಪರೀಕ್ಷಿಸಿ ನೋಡಿದ ವಿಷಯ. ಹಾಗಾಗಿ ಯಾವ ಬಣ್ಣ ಅನ್ನುವುದಕ್ಕಿಂತ ಎಷ್ಟು ಬೆಳಕು, ಎಷ್ಟು ಎತ್ತರದಲ್ಲಿ, ಎಷ್ಟು ಅಗಲಕ್ಕೆ ಅಂತ ಯೋಚಿಸಿದರೆ ನೋಡುಗರು ಜಾಸ್ತಿ ಜತೆಗೆ ಬರುತ್ತಾರೆ.

ಉಕ್ಕಿನತಂತಿ

ಕ್ಸೆನಾಕಿಸ್ ಹೆಸರು ಇನ್ನೂ ಬಂದೇ ಇಲ್ವಲ್ಲ! ಎಂಜಿನಿಯರ್, ಕಟ್ಟಡ ವಿನ್ಯಾಸಕ, ಸಂಗೀತ ರಚನಕಾರ, ಮೂರೂ ಅವನೇ. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಫಿಲಿಪ್ಸ್ ಕಂಪನಿಗೆ ಒಂದು ಮಂಟಪ ಕಟ್ಟಿದರು. ಹೊಣೆ ಕಟ್ಟಡ ವಿನ್ಯಾಸಕ ಲೆ ಕಾರ್ಬುಸಿಯೆಯದು, ಬಾಗಿದ ಗೋಡೆಗಳ ಆಕಾರ ಮಾಡಿದವನು ಅವನ ಕಚೇರಿಯಲ್ಲಿದ್ದ ಕ್ಸೆನಾಕಿಸ್. ಒಳಗೆ ರಚನಕಾರ ಎಡ್ಗರ್ ವರೇಸ್‌ನ ಎಂಟು ನಿಮಿಷದ ಟೇಪ್ ಸಂಗೀತ. ಗೋಡೆಗಳ ಮೇಲೆ ನೂರಾರು ಸ್ಪೀಕರ್, ಸದ್ದು ಅವುಗಳ ಉದ್ದಕ್ಕೂ ಓಡುತ್ತಿತ್ತು. ಜತೆಗೆ ಲೆ ಕಾರ್ಬುಸಿಯೆ ಆರಿಸಿದ ಚಿತ್ರಗಳು, ಬಣ್ಣದ ಬೆಳಕು. ಚಿತ್ರ ಮಾಡಿದವರು, ಸಂಗೀತ ಮಾಡಿದವರು ಬೇರೆ ಬೇರೆಯಾಗಿಯೇ ಕೆಲಸ ಮಾಡಿದ್ದು. ಹೊಂದಿಸಿಕೊಂಡದ್ದು ಮುಖ್ಯವಾಗಿ ಅವಧಿಯನ್ನು. ಮರುವರ್ಷ ಆ ಕಟ್ಟಡವನ್ನೇ ಕೆಡವಿಬಿಟ್ಟರು.

ಆಮೇಲೆ ಕ್ಸೆನಾಕಿಸ್ ತನ್ನದೇ ದಾರಿ ಹಿಡಿದ. 1967ರಲ್ಲಿ ಮಾಂಟ್ರಿಯಲ್‌ನಲ್ಲಿ ಉಕ್ಕಿನ ಹಗ್ಗಗಳನ್ನು ಬಾಗಿದ ಮೇಲ್ಮೈ ಕಾಣುವ ಹಾಗೆ ಬಿಗಿದು, ಅದರ ಮೇಲೆ ಸುಮಾರು 1,200 ದೀಪ ಕೂರಿಸಿದ. ಸಂಗೀತದಲ್ಲಿ ಸ್ವರಗಳು ಜಾರುತ್ತಾ, ಕಡಿಯದೆ ಹರಿಯುತ್ತವೆ. ಬೆಳಕು ಮಾತ್ರ ಚುಕ್ಕಿ ಚುಕ್ಕಿಯಾಗಿ ಹತ್ತಿ ಆರುತ್ತದೆ. ಅಂದರೆ ಬೇಕಂತಲೇ ಎರಡಕ್ಕೂ ವಿರುದ್ಧ ಸ್ವಭಾವ ಕೊಟ್ಟ. 1972ರಲ್ಲಿ ಪ್ಯಾರಿಸ್ಸಿನ ಕ್ಲೂನಿಯಲ್ಲಿ, ರೋಮನ್ನರ ಕಾಲದ ಸ್ನಾನಗೃಹದೊಳಗೆ ಲೇಸರ್, ಕನ್ನಡಿ, ನೂರಾರು ಫ್ಲ್ಯಾಶ್ ದೀಪ ಹಾಕಿದ. 1978ರಲ್ಲಿ ಅದೇ ಊರಿನ ಪಾಂಪಿದೂ ಕಲಾಕೇಂದ್ರದ ಮುಂದೆ ಡೇರೆಯಂಥ ಕಟ್ಟಡ ಮಾಡಿದ, ಅದರಲ್ಲಿ 1,600ಕ್ಕೂ ಹೆಚ್ಚು ಫ್ಲ್ಯಾಶ್ ದೀಪ ಇದ್ದವು. ಎಲ್ಲಿಯೂ ಬೆಳಕು ಸಂಗೀತಕ್ಕೆ ಅರ್ಥ ಹೇಳುವ ಕೆಲಸ ಮಾಡಲಿಲ್ಲ. ಅದಕ್ಕೆ ಅದರದ್ದೇ ಲೆಕ್ಕ, ಅದರದ್ದೇ ಲಿಪಿ.

ಗೋಡೆಬಣ್ಣ

ನಾನು ಒಪ್ಪುವುದಿಲ್ಲ. ಬೆಳಕು ಒಂದು ಕಡೆ, ಸಂಗೀತ ಒಂದು ಕಡೆ ಹೋದರೆ ನೋಡುವವಳಾಗಿ ನನಗೆ ಮೋಸ ಹೋದ ಹಾಗೆ ಅನಿಸುತ್ತದೆ. ಹಾಗಿದ್ದರೆ ಎರಡನ್ನೂ ಒಂದೇ ಕೋಣೆಯಲ್ಲಿ ಯಾಕೆ ಇಡಬೇಕು? ಮನೆಯಲ್ಲಿ ಸಂಗೀತ ಕೇಳಿ ಹೊರಗೆ ಹೋಗಿ ಸೂರ್ಯಾಸ್ತ ನೋಡಬಹುದಲ್ಲ. ಕಣ್ಣು, ಕಿವಿ ಒಂದೇ ಕ್ಷಣಕ್ಕೆ ಸೇರಿದಾಗ ಮೈ ಜುಂ ಅನ್ನುತ್ತದಲ್ಲ, ಅದಕ್ಕೇ ನಾನು ಹೋಗುವುದು. 'ಎರಡೂ ಸ್ವತಂತ್ರ' ಅನ್ನುವುದು ಎಷ್ಟೋ ಸಲ ರಿಹರ್ಸಲ್ ಮಾಡದೆ ಇರುವುದಕ್ಕೆ ಒಂದು ನೆಪ.

ದೀಪದಕೆಲಸ

ಕೊನೆಯ ಸಾಲು ಚುಚ್ಚಿತು, ಆದರೆ ನಿಜ 😄

ಒಂದು ಮಾತು ಮೇಡಂ. ಯಾವ ಸಂಗೀತದ ಜತೆ ಯಾವ ಬೆಳಕು ಹಾಕಿದರೂ ಮಿದುಳು ಅಲ್ಲಲ್ಲಿ ಜೋಡಿ ಹುಡುಕಿಕೊಳ್ಳುತ್ತದೆ. ಸುಮ್ನೆ ಪ್ರಯೋಗ ಮಾಡಿ ನೋಡಿ. ಸದ್ದು ಬಂದ್ ಮಾಡಿದ ವಿಡಿಯೊಗೆ ಯಾವುದೋ ಹಾಡು ಹಾಕಿ. ಹತ್ತಾರು ಕಡೆ 'ಅರೆ, ಸರಿಯಾಗಿ ಹೊಂದಿತಲ್ಲ' ಅನಿಸುತ್ತದೆ. ಹಾಗಾಗಿ ಜೋಡಿ ತಾನಾಗಿ ಹುಟ್ಟುತ್ತದೆ. ನಾವು ಕೈಯಾರೆ ಕೊಡುವ ಜೋಡಿ ಕಮ್ಮಿ ಇದ್ದಷ್ಟೂ ಅದಕ್ಕೆ ಬೆಲೆ ಜಾಸ್ತಿ. ಹದಿನೈದು ನಿಮಿಷ ಬೆಳಕು ತನ್ನ ಪಾಡಿಗೆ ಸರಿಯುತ್ತಿದೆ. ಆಮೇಲೆ ಚೆಲ್ಲೋದ ಒಂದೇ ಒಂದು ಮೀಟಿಗೆ ಕೋಣೆ ಪೂರ್ತಿ ಬಣ್ಣ ಬದಲಾಯಿಸಿತು. ಆ ಜುಂ ಅನ್ನುವುದು ಅಲ್ಲಿ ಸಿಗುತ್ತದೆ. ಪ್ರತಿ ಮೀಟಿಗೂ ಹೀಗೆ ಮಾಡಿದರೆ ಸಿಗುವುದಿಲ್ಲ.

ಗೋಡೆಬಣ್ಣ

ಇದಾದರೆ ಒಪ್ಪಬಹುದು. ಆದರೆ ಆ ಒಂದು ಮೀಟು ಪಕ್ಕಾ ಕೂಡಬೇಕು. ಅರ್ಧ ಸೆಕೆಂಡ್ ಆಚೀಚೆ ಆದರೆ ನಾನು ಎದ್ದು ಹೋಗುತ್ತೇನೆ.

ಕಿವಿಮಾತು

ಸೌಂಡ್ ಕಡೆಯಿಂದ ಒಂದು ಲೆಕ್ಕ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಚೆಲ್ಲೋ ನಿಮ್ಮಿಂದ 17 ಮೀಟರ್ ದೂರ ಇದ್ದರೆ ಸದ್ದು 50 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಬೆಳಕು ಆಗಲೇ ಬಂದಿರುತ್ತದೆ. ಜನ ಕೋಣೆ ತುಂಬ ಓಡಾಡುವಾಗ ಎಲ್ಲರಿಗೂ ಒಂದೇ ಕ್ಷಣಕ್ಕೆ ಕೂಡಿಸುವುದು ಆಗದ ಮಾತು. ಸಮಾಧಾನ ಏನೆಂದರೆ, ಬೆಳಕು ಸ್ವಲ್ಪ ಮೊದಲು ಬಂದು ಸದ್ದು ಆಮೇಲೆ ಬಂದರೆ ಮಿದುಳು ಕ್ಷಮಿಸುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ ಅಲ್ವಾ? ಸದ್ದು ಮೊದಲು ಬಂದು ಬೆಳಕು ಹಿಂದೆ ಬಿದ್ದರೆ ಬೇಗ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಕ್ಯೂ ಕೊಡುವವರು ಕಮಾನಿನ ಸದ್ದಿಗೆ ಕಾಯಬಾರದು, ಕೈ ಎತ್ತಿದ್ದನ್ನು ನೋಡಿ ಗುಂಡಿ ಒತ್ತಬೇಕು.

ಇನ್ನು ಬಟ್ಟೆ ಪರದೆ. ಅದು ಮೇಲಿನ ಸ್ಥಾಯಿಯ ಸದ್ದನ್ನು ಹೀರುತ್ತದೆ, ಕೆಳಗಿನದ್ದನ್ನು ಮುಟ್ಟುವುದೂ ಇಲ್ಲ. 100 ಹರ್ಟ್ಜ್ ಅಲೆಯ ಉದ್ದವೇ ಮೂರೂವರೆ ಮೀಟರ್ ಹತ್ತಿರ. ತೆಳು ಬಟ್ಟೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ದಪ್ಪ ಪರದೆ ಜಾಸ್ತಿ ತೂಗುಹಾಕಿದರೆ ಪಿಟೀಲಿನ ಹೊಳಪು ಹೋಗಿ ಚೆಲ್ಲೋ ಮಾತ್ರ ಗುಂಯ್‌ಗುಡುತ್ತದೆ. ಜಾಲರಿಯಂಥ ಬಟ್ಟೆ ತೆಗೆದುಕೊಳ್ಳಿ, ಸದ್ದು ಆರಾಮಾಗಿ ದಾಟುತ್ತದೆ.

ದೀಪದಕೆಲಸ

ಜಾಲರಿ ಬಟ್ಟೆ ಅಂದಿರಲ್ಲ, ಬೆಳಕಿಗೂ ಅದೇ ಬೇಕು. ಮುಂದಿನಿಂದ ಓರೆಯಾಗಿ ಬೆಳಕು ಬಿಟ್ಟರೆ ಅದು ಗೋಡೆಯ ಹಾಗೆ ಕಾಣುತ್ತದೆ. ಮುಂದಿನ ಬೆಳಕು ಆರಿಸಿ ಹಿಂದೆ ಹಚ್ಚಿದರೆ ಗೋಡೆ ಮಾಯ, ಹಿಂದೆ ಕೂತವರು ಕಾಣುತ್ತಾರೆ. ರಂಗಭೂಮಿಯ ಹಳೇ ವಿದ್ಯೆ. ನಾಲ್ವರನ್ನೂ ಇಂಥ ಬಟ್ಟೆಯ ಹಿಂದೆ ಕೂರಿಸಿದರೆ ಯಾರು ಯಾವಾಗ ಕಾಣಬೇಕು ಅನ್ನುವುದೂ ನಿಮ್ಮ ರಚನೆಯ ಭಾಗವಾಗುತ್ತದೆ.

ಈಗ ಯಾರೂ ಮೊದಲೇ ಹೇಳದ ಎರಡು ತಲೆನೋವು.

ಒಂದು, ಫ್ಯಾನ್ ಸದ್ದು. ತಿರುಗುವ ದೀಪ, ಪ್ರೊಜೆಕ್ಟರ್ ಎಲ್ಲದರೊಳಗೂ ತಣಿಸುವ ಫ್ಯಾನ್ ಇರುತ್ತದೆ. ಜೋರು ಸಂಗೀತದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮದು ಉಸಿರಿನಷ್ಟು ಮೆಲ್ಲಗೆ ನುಡಿಸುವ ಕೃತಿ ಆಗಿದ್ದರೆ ಫ್ಯಾನ್ ನಿಮ್ಮ ಐದನೇ ವಾದ್ಯ. ಫ್ಯಾನ್ ಇಲ್ಲದ ಎಲ್ಇಡಿ ದೀಪಗಳು ಸಿಗುತ್ತವೆ, ಅವನ್ನೇ ಕೇಳಿ. ಪ್ರೊಜೆಕ್ಟರ್ ಬೇಕೇ ಬೇಕು ಅಂದರೆ ಪಕ್ಕದ ಕೋಣೆಯಲ್ಲಿಟ್ಟು ಗಾಜಿನ ಮೂಲಕ ಬಿಡಿ. ಒಪ್ಪುವ ಮೊದಲು ಖಾಲಿ ಕೋಣೆಯಲ್ಲಿ ಎಲ್ಲ ದೀಪ ಹಚ್ಚಿ ಸುಮ್ಮನೆ ಕೂತು ಕೇಳಿ.

ಎರಡು, ನಿಧಾನದ ಫೇಡ್, ಅಂದರೆ ಬೆಳಕು ಮೆಲ್ಲಗೆ ಏರುವುದು, ಇಳಿಯುವುದು. ದೀಪಗಳಿಗೆ ಆಜ್ಞೆ ಹೋಗುವುದು ಡಿಎಂಎಕ್ಸ್ ಅನ್ನುವ ಪದ್ಧತಿಯಲ್ಲಿ. ಅದರ ಒಂದು ಚಾನೆಲ್‌ನಲ್ಲಿ 0ಯಿಂದ 255ರವರೆಗೆ ಮಾತ್ರ ಮೆಟ್ಟಿಲು. ಸೊನ್ನೆಯಿಂದ ಶೇ. 20ಕ್ಕೆ ನಾಲ್ಕು ನಿಮಿಷದಲ್ಲಿ ಏರಿಸಿದರೆ ಸಿಗುವುದು 51 ಮೆಟ್ಟಿಲು. ಅಂದರೆ ಐದು ಸೆಕೆಂಡಿಗೊಮ್ಮೆ ಒಂದು ಜಿಗಿತ. ಕತ್ತಲಲ್ಲಿ ಕೂತ ಕಣ್ಣಿಗೆ ಅದು ಚೆನ್ನಾಗಿ ಕಾಣುತ್ತದೆ. ಹಳೇ ತಂತಿ ಬಲ್ಬಿನಲ್ಲಿ ತಂತಿ ಬಿಸಿಯಾಗಿ ಆರಲು ಹೊತ್ತು ಹಿಡಿಯುತ್ತಿತ್ತು, ಜಿಗಿತ ಮುಚ್ಚಿಹೋಗುತ್ತಿತ್ತು. ಎಲ್ಇಡಿಗೆ ಆ ದಾಕ್ಷಿಣ್ಯ ಇಲ್ಲ. ಎರಡು ಚಾನೆಲ್ ಸೇರಿಸಿ 16 ಬಿಟ್‌ನಲ್ಲಿ ನಡೆಸುವ ದೀಪ ತನ್ನಿ, ಮೆಟ್ಟಿಲು 65,536 ಆಗುತ್ತದೆ. ನಿಧಾನದ ಬೆಳಕೇ ನಿಮ್ಮ ಆಯ್ಕೆ ಆದರೆ ಇದರಲ್ಲಿ ರಾಜಿ ಆಗಬೇಡಿ. ಸ್ಕ್ರಿಯಾಬಿನ್‌ನ ಆ ಎರಡನೇ ಸಾಲು ಜಿಗಿದರೆ ಏನು ಚಂದ?

ತಂತಿನಾದ

ಐದನೇ ವಾದ್ಯ 😂 ನಮ್ಮ ಕೃತಿಯಲ್ಲಿ ಕಮಾನಿಗೆ ಒತ್ತಡವೇ ಕೊಡದೆ ನುಡಿಸುವ ಪುಟಗಳಿವೆ. ಇದನ್ನು ಮೊದಲು ನೋಡಬೇಕು.

ಪೂರ್ತಿ ಕತ್ತಲೆ ಮಾಡುವ ಬಗ್ಗೆ ಯಾರಿಗಾದರೂ ಗೊತ್ತಾ? ಕೆಲವು ನಿಮಿಷ ಏನೂ ಕಾಣಬಾರದು ಅಂತ ನಮ್ಮ ರಚನಕಾರರಿಗೆ ಆಸೆ ಇದೆ.

ಮೂರನೇಸಾಲು

ಆಸ್ಟ್ರಿಯಾದ ರಚನಕಾರ ಗಿಯೋರ್ಗ್ ಫ್ರೀಡ್ರಿಖ್ ಹಾಸ್ ಕೃತಿಗಳನ್ನು ನೋಡಿ, ನಿಮಗೆ ಹೇಳಿ ಮಾಡಿಸಿದ್ದು. ಅವರ 2000ನೇ ಇಸವಿಯ 'ಇನ್ ವೈನ್' ಕೃತಿಯಲ್ಲಿ 24 ವಾದಕರು. ಬೆಳಕು ಎಲ್ಲಿ ಇಳಿಯಬೇಕು ಅನ್ನುವುದು ಸ್ವರಲಿಪಿಯಲ್ಲೇ ಇದೆ. ಕತ್ತಲಾದಾಗ ವಾದಕರು ನೆನಪಿನಿಂದ ನುಡಿಸಬೇಕು. ಅವರ ಮೂರನೇ ಸ್ಟ್ರಿಂಗ್ ಕ್ವಾರ್ಟೆಟ್ (ನಿಮ್ಮಂಥದೇ ನಾಲ್ಕು ತಂತಿವಾದ್ಯಗಳ ಕೃತಿ) ಶುರುವಿನಿಂದ ಕೊನೆವರೆಗೂ ಪೂರ್ತಿ ಕತ್ತಲಲ್ಲೇ. ನಾಲ್ವರೂ ಕೇಳುಗರ ಸುತ್ತ ಕೋಣೆಯ ಮೂಲೆಗಳಲ್ಲಿ ಕೂರುತ್ತಾರೆ. ಒಬ್ಬರು ಒಂದು ಬಗೆಯ ನುಡಿಸುವಿಕೆಗೆ 'ಕರೆ' ಕೊಡುತ್ತಾರೆ. ಉಳಿದವರು ಒಪ್ಪಿದರೆ ಸೇರಿಕೊಳ್ಳುತ್ತಾರೆ. ಮುಖ ಕಾಣದೆ, ಬರೀ ಕಿವಿಯಿಂದ.

ಇಲ್ಲಿ ಬೆಳಕಿನ ವಿನ್ಯಾಸ ಅಂದರೆ ಬೆಳಕನ್ನು ತೆಗೆಯುವುದು. ಬಹು ಇಂದ್ರಿಯ ಅಂದ ಕೂಡಲೇ ಎಲ್ಲರೂ ಇನ್ನೊಂದು, ಮತ್ತೊಂದು ಸೇರಿಸುತ್ತಾ ಹೋಗುತ್ತಾರೆ. ಹಾಸ್ ಒಂದನ್ನು ಕಿತ್ತುಹಾಕಿ ಇನ್ನೊಂದನ್ನು ಚೂಪು ಮಾಡಿದರು.

ಕಿವಿಮಾತು

ಪೂರ್ತಿ ಕತ್ತಲೆಗೆ ಅಡ್ಡ ಬರುವುದು ತುರ್ತು ಬಾಗಿಲಿನ ಫಲಕ. ಅದನ್ನು ನಿಮ್ಮಷ್ಟಕ್ಕೆ ಆರಿಸುವ ಹಾಗಿಲ್ಲ. ಕಟ್ಟಡದವರ ಜತೆ, ಅಗ್ನಿ ಸುರಕ್ಷತೆಯವರ ಜತೆ ಮೊದಲೇ ಮಾತಾಡಿ. ಜನ ಕತ್ತಲಲ್ಲಿ ಓಡಾಡದಂತೆ ಆ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಳ್ಳಿ. ಹೊರಗೆ ಹೋಗಬೇಕು ಅನಿಸಿದವರಿಗೆ ದಾರಿ ತೋರಿಸಲು ಒಬ್ಬರು ಇರಲೇಬೇಕು.

ಗೋಡೆಬಣ್ಣ

ಕಣ್ಣಿನ ವಿಷಯ ನಾನು ಹೇಳುತ್ತೇನೆ, ನನ್ನ ಕೆಲಸ ಅದೇ. ಹೊರಗಿನ ಬೆಳಕಿನಿಂದ ಬಂದವರ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಲ್ಲಿವರೆಗೆ ನೀವು ಕಷ್ಟಪಟ್ಟು ಮಾಡಿದ ಮಬ್ಬು ಬೆಳಕು ಅವರಿಗೆ ಕಾಣುವುದೇ ಇಲ್ಲ. ಆದ್ದರಿಂದ ಬಾಗಿಲಿನಿಂದ ನೇರ ಕೋಣೆಗೆ ಬಿಡಬೇಡಿ. ಒಂದು ತಿರುವಿನ ದಾರಿ ಮಾಡಿ, ಮಂದ ಬೆಳಕು ಇಡಿ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಆಮೇಲೆ ಅತಿ ಮಬ್ಬು ಬೆಳಕನ್ನು ಕೃತಿಯ ದ್ವಿತೀಯಾರ್ಧಕ್ಕೆ ಉಳಿಸಿಕೊಳ್ಳಿ.

ಮಬ್ಬಿನಲ್ಲಿ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ-ಹಸಿರು ಜಾಸ್ತಿ ಬೆಳ್ಳಗೆ ಕಾಣುತ್ತದೆ. ಹಗಲಲ್ಲಿ ಕೂತು ಆರಿಸಿದ ಬಣ್ಣ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪರದೆ ಬಟ್ಟೆಯ ಬಣ್ಣವನ್ನು ಆ ಬೆಳಕಿನಲ್ಲೇ ನೋಡಿ ತೀರ್ಮಾನಿಸಿ.

ಮಿನುಗುವ ಬೆಳಕು ಮಾತ್ರ ಬೇಡ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿದರೆ ಕೆಲವರಿಗೆ ಫಿಟ್ಸ್ ಬರುವ ಅಪಾಯ ಇದೆ. ಕ್ಸೆನಾಕಿಸ್ ಕಾಲ ಬೇರೆ. ಮಿನುಗು ಬೇಕೇ ಅಂದರೆ ಎಚ್ಚರಿಕೆ ಟಿಕೆಟ್ ತೆಗೆದುಕೊಳ್ಳುವ ಜಾಗದಲ್ಲೇ ಇರಲಿ, ಒಳಗೆ ಬಂದ ಮೇಲಲ್ಲ.

ಉಕ್ಕಿನತಂತಿ

ಓಡಾಡುವ ಕೇಳುಗರ ವಿಷಯ ಯಾರೂ ಹಿಡಿಯಲಿಲ್ಲ. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟ್‌ನಲ್ಲಿ ರಚನಕಾರ ಲಾ ಮಾಂಟೆ ಯಂಗ್, ಬೆಳಕಿನ ಕಲಾವಿದೆ ಮರಿಯನ್ ಜಜೀಲಾ ಇಬ್ಬರೂ 1993ರಲ್ಲಿ 'ಡ್ರೀಮ್ ಹೌಸ್' ಶುರು ಮಾಡಿದರು. ಸ್ಪೀಕರ್‌ಗಳಿಂದ ಬದಲಾಗದ ಸ್ವರಗಳು, ನೇರಳೆ-ಗುಲಾಬಿ ಬೆಳಕು. ಅಷ್ಟೇ. ಆದರೆ ತಲೆ ಸ್ವಲ್ಪ ಆಡಿಸಿದರೂ ಕೇಳುವ ಸ್ವರಗಳು ಬದಲಾಗುತ್ತವೆ. ಅಲೆಗಳು ಕೋಣೆಯಲ್ಲಿ ಕೆಲವು ಕಡೆ ಕೂಡಿ, ಕೆಲವು ಕಡೆ ಕಳೆದುಹೋಗಿರುತ್ತವೆ. ಸುಮ್ಮನೆ ಕೂತರೆ ಸಂಗೀತ ನಿಂತಿರುತ್ತದೆ, ನಡೆದರೆ ಸಂಗೀತ ನಡೆಯುತ್ತದೆ. ಇಬ್ಬರೂ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರೂ ಹೌದು.

ಕಲಾವಿದೆ ಜ್ಯಾನೆಟ್ ಕಾರ್ಡಿಫ್ 2001ರಲ್ಲಿ ಮಾಡಿದ್ದು ಇನ್ನೊಂದು ಥರ. 16ನೇ ಶತಮಾನದ 40 ದನಿಯ ಹಾಡು, 40 ಸ್ಪೀಕರ್, ಒಂದೊಂದರಲ್ಲೂ ಒಬ್ಬೊಬ್ಬರ ದನಿ. ಹತ್ತಿರ ಹೋದರೆ ಒಬ್ಬರ ಕಿವಿಮಾತು, ನಡುವೆ ನಿಂತರೆ ಇಡೀ ಮೇಳ. ಬೆಳಕಿನ ಆಟವೇ ಇಲ್ಲ. ಹಾಗಿದ್ದೂ ಕಣ್ಣು ಸುಮ್ಮನಿರುವುದಿಲ್ಲ, ಬರೀ ಸ್ಪೀಕರನ್ನೇ ಮುಖ ನೋಡಿದ ಹಾಗೆ ನೋಡುತ್ತೇವೆ.

ನಿಮ್ಮದರಲ್ಲಿ ತೀರ್ಮಾನ ಆಗಬೇಕಾದದ್ದು ಇದು: ಶುರು, ಕೊನೆ ಇರುವ ಕೃತಿಯನ್ನು ಜನ ನಡುವೆ ಬಂದು ನಡುವೆ ಹೋಗುವ ಜಾಗದಲ್ಲಿ ಇಡುತ್ತೀರಾ? ಇಟ್ಟರೆ ಬೆಳಕಿನ ನಿಧಾನದ ಸಾಲು ಯಾರಿಗೂ ಪೂರ್ತಿ ದಕ್ಕುವುದಿಲ್ಲ.

ಮೂರನೇಸಾಲು

ಪರಿಮಳ ಸೇರಿಸಿದರೆ? ಸ್ಕ್ರಿಯಾಬಿನ್‌ಗೆ ಅದೂ ಬೇಕಾಗಿತ್ತಂತೆ.

ಗೋಡೆಬಣ್ಣ

ಬೇಡ. ಬೆಳಕು ಆರಿಸಬಹುದು, ಸದ್ದು ನಿಲ್ಲಿಸಬಹುದು. ವಾಸನೆ ಒಮ್ಮೆ ಬಿಟ್ಟರೆ ಮುಂದಿನ ಪ್ರದರ್ಶನಕ್ಕೂ ಅಲ್ಲೇ ಇರುತ್ತದೆ. ಕೆಲವರಿಗೆ ತಲೆನೋವು, ಉಬ್ಬಸ ಬೇರೆ. ಅದರ ಬದಲು ಒಂದೆರಡು ಕಡೆ ಮರದ ಹಲಗೆಯ ನೆಲ ಮಾಡಿ, ಚೆಲ್ಲೋದ ತಳದಲ್ಲಿರುವ ಕಡ್ಡಿಯನ್ನು ಅದರ ಮೇಲೇ ಊರಿ. ಆ ಹಲಗೆಯ ಮೇಲೆ ಕೂತವರ ಮೈಗೆ ಕೆಳಗಿನ ಸ್ವರ ತಾಗುತ್ತದೆ. ಕಿವಿ ಕೇಳದವರಿಗೂ ಅಲ್ಲಿ ಜಾಗ ಇಡಬಹುದು.

ತಂತಿನಾದ

ರಚನಕಾರರು, ವಿನ್ಯಾಸಕರು, ನಾವು ನಾಲ್ವರು ಕೂತು ಇದೆಲ್ಲ ಓದಿದೆವು. ಸಾಫ್ಟ್‌ವೇರ್ ಕೈಬಿಟ್ಟಿದ್ದೇವೆ. ವಿನ್ಯಾಸಕರಿಗೆ ಸ್ವಲ್ಪ ಬೇಜಾರಾಯಿತು, ಆಮೇಲೆ ಅವರೇ ಸ್ವರಲಿಪಿಯ ಮೇಲೆ ಒಂದು ಖಾಲಿ ಸಾಲು ಎಳೆದು ಬೆಳಕು ಬರೆಯಲು ಕೂತರು. ಇಡೀ ಕೃತಿಗೆ ಆರು ಬದಲಾವಣೆ ಮಾತ್ರ, ಎಲ್ಲವೂ ನಿಧಾನ. ಪಕ್ಕಾ ಕೂಡುವ ಜಾಗ ಒಂದೇ, 31ನೇ ನಿಮಿಷದ ಹತ್ತಿರ. ಒಳಗೆ ಬರಲು ಒಂದು ಹೊತ್ತು ಗೊತ್ತುಮಾಡುತ್ತೇವೆ, ನಡುವೆ ಯಾರೂ ಬರುವ ಹಾಗಿಲ್ಲ. ಹೋಗಬೇಕಾದವರು ಹೋಗಬಹುದು.

ಒಂದು ಸಮಸ್ಯೆ ಉಳಿದಿದೆ. ನಮ್ಮ ಸ್ವರಲಿಪಿ ಸ್ಟ್ಯಾಂಡಿನ ಪುಟ್ಟ ದೀಪಗಳೇ ಕೋಣೆಯಲ್ಲಿ ಎಲ್ಲಕ್ಕಿಂತ ಜೋರು ಬೆಳಕು! ಟ್ಯಾಬ್ಲೆಟ್ ಇಟ್ಟರೆ ಎಲ್ಲರ ಮುಖ ನೀಲಿಯಾಗುತ್ತದೆ.

ದೀಪದಕೆಲಸ

ಟ್ಯಾಬ್ಲೆಟ್ಟೇ ಇರಲಿ. ಬೆಳಕು ಪೂರ್ತಿ ಇಳಿಸಿ, ಪುಟದ ಬಣ್ಣ ತಿರುಗಿಸಿ: ಕಪ್ಪು ಹಿನ್ನೆಲೆ, ಕೆಂಪು ಸ್ವರ. ಮೇಲೆ ಬೂದು ಫಿಲ್ಟರ್ ಹಾಳೆ ಅಂಟಿಸಿ. ಕಡು ಕೆಂಪಿಗೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ಸ್ಟ್ಯಾಂಡಿನ ಬೆನ್ನಿಗೂ ಅಂಚಿಗೂ ಕಪ್ಪು ಬಟ್ಟೆ ಸುತ್ತಿ, ಇಲ್ಲದಿದ್ದರೆ ಲೋಹ ಹೊಳೆಯುತ್ತದೆ. ಪೂರ್ತಿ ಕತ್ತಲೆಯ ಪುಟಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು.

ತಂತಿನಾದ

ವಯೋಲಾದವರು ಈಗಲೇ ಗೊಣಗುತ್ತಿದ್ದಾರೆ. ಕೆಂಪು ಅಕ್ಷರದಲ್ಲಿ ಓದಿ ನೋಡಿ ಹೇಳುತ್ತೇವೆ.